ಹೆಳವರ ಪುಸ್ತಕದ ಎರಡು ಪುಟ

ನನ್ನ ಮೇಜರ್ ಕೆಮಿಸ್ಟ್ರಿ, ಮೈನರ್ ಹಿಸ್ಟರಿ. ಇಷ್ಟು ಹೇಳಿದರೆ ಸಾಕು, ಎದುರಿಗಿದ್ದವರ ಮುಖ ಹುಣಸೆಹಣ್ಣು ಕಚ್ಚಿದಂತಾಗುತ್ತದೆ. ಗೋವಾದ ಸಾಂಕೋಲೆಯ ನಮ್ಮ ಓಣಿಯಲ್ಲಿ ಬಿಎಸ್ಸಿಗೆ ಹೋದವಳು ನಾನೊಬ್ಬಳೇ. ಹಾಗಾಗಿ ನನ್ನ ಓದಿನ ಬಗ್ಗೆ ಎರಡು ಮಾತು ಹೇಳುವ ಹಕ್ಕು ತಮಗಿದೆ ಎಂದು ಓಣಿಗೆ ಓಣಿಯೇ ತಿಳಿದುಕೊಂಡಿದೆ. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರು ಕೇಳುತ್ತಾರೆ, "ಕೆಮಿಸ್ಟ್ರಿ ಅಂದ್ರ ಫ್ಯಾಕ್ಟರಿಯೊಳಗ ಕೆಲಸ ಸಿಗತೈತಿ, ಅದು ಖರೇ. ಈ ಸತ್ತ ರಾಜರನ್ನ ತಗೊಂಡು ಏನ್ ಮಾಡಾಕಿ ಗೀತಾ?" ನಾನೂ ಬಿಡುವುದಿಲ್ಲ. "ಮಾಡೂದೇನೈತ್ರಿ, ಎಬ್ಬಿಸಿ ಕುಂದ್ರಿಸಿ ನಾಕು ಪ್ರಶ್ನೆ ಕೇಳ್ತೇನಿ" ಅನ್ನುತ್ತೇನೆ.

ಅಪ್ಪನಿಗೆ ನಾನು ಕಂಪ್ಯೂಟರ್ ಮೈನರ್ ತಗೊಳ್ಳಬೇಕೆಂದಿತ್ತು. ಅಪ್ಪ ಚಂದಪ್ಪ, ಸ್ಲ್ಯಾಬ್ ಹಾಕುವ ಮೊದಲು ಹಲಗೆ, ಆಸರೆಯ ಕಂಬ ಕಟ್ಟುವ ಸೆಂಟ್ರಿಂಗ್ ಕೆಲಸದ ಮೇಸ್ತ್ರಿ. ಅವನ ಕೈಕೆಳಗೆ ಹದಿನೈದು ಮಂದಿ ಇದ್ದಾರೆ. ಸೈಟಿನಲ್ಲಿ ಎಂಜಿನಿಯರ್ ಹುಡುಗರು ಲ್ಯಾಪ್‌ಟಾಪ್ ಬಡಿಯುವುದನ್ನು ನೋಡಿ ನೋಡಿ ಅವನ ಕಣ್ಣಿಗೆ ಲೋಕದಲ್ಲಿ ಅದೊಂದೇ ಓದು. ಫಾರ್ಮ್ ತುಂಬುವ ದಿನ ನಾನು ಅವನಿಗೆ ಹೇಳದೆ ಹಿಸ್ಟರಿ ಎಂದು ಗುರುತು ಹಾಕಿಬಿಟ್ಟೆ. ಒಂದು ವಾರ ಮನೆಯಲ್ಲಿ ಯುದ್ಧ ನಡೆಯಿತು. ಗೆದ್ದವಳು ನಾನು, ಏಕೆಂದರೆ ತಿದ್ದುವ ಕೊನೆಯ ದಿನಾಂಕ ಮುಗಿದಿತ್ತು.

ಯಾಕೆ ತಗೊಂಡೆ ಎಂದರೆ, ಫಾರ್ಮ್ ತುಂಬುವ ಮೊದಲು ಸುಮ್ಮನೆ ಕೂತು ನೋಡಿದ ಹಿಸ್ಟರಿ ಕ್ಲಾಸಿನಲ್ಲಿ ಲೋಟ್ಲಿಕರ್ ಸರ್ ಒಂದು ಹಳೆಯ ಪತ್ರದ ಜೆರಾಕ್ಸ್ ಕೊಟ್ಟು ಮೂರು ಪ್ರಶ್ನೆ ಕೇಳಿದ್ದರು. ಯಾರು ಬರೆದರು, ಯಾರ ಸಲುವಾಗಿ ಬರೆದರು, ಬರೆಯುವಾಗ ಏನನ್ನು ಬಿಟ್ಟರು. ಸಣ್ಣವಳಿದ್ದಾಗಿನಿಂದ ನಾನು ಮನೆಯಲ್ಲಿ ಇಂಥವೇ ಪ್ರಶ್ನೆ ಕೇಳಿ ಬೆನ್ನಿಗೆ ಗುದ್ದು ತಿಂದವಳು. ಅದೇ ಪ್ರಶ್ನೆಗೆ ಮಾರ್ಕ್ಸ್ ಕೊಡುವ ಜಾಗವೊಂದಿದೆ ಎಂದು ಗೊತ್ತಾದ ಮೇಲೆ ಬಿಡಲು ಮನಸ್ಸಾಗಲಿಲ್ಲ.

ಮೂರನೇ ವರ್ಷ ಮೈನರ್‌ನವರೂ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ವಿಷಯ, ನಿಮ್ಮ ಊರಿನ ಇತಿಹಾಸ. ಒಬ್ಬಳು ತನ್ನ ಕೇರಿಯ ಚರ್ಚು ಎಂದಳು, ಒಬ್ಬ ಕೋಟೆ ಎಂದ, ಇನ್ನೊಬ್ಬ ತಾತನ ಕಾಲದ ಪೋರ್ಚುಗೀಸ್ ಜಮೀನು ಪತ್ರ ತರುತ್ತೇನೆ ಎಂದ. ನಾನು ಎದ್ದು, ಸಾಂಕೋಲೆಯ ನಮ್ಮ ಕಾಲೋನಿ ಎಂದೆ.

ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ "ಘಾಟಿ" ಎಂದರು. ಘಟ್ಟ ಇಳಿದು ಬಂದ ನಮ್ಮಂಥವರಿಗೆ ಇಲ್ಲಿ ಆ ಹೆಸರು. ನಾನು ತಿರುಗಿ ನೋಡಿ, "ಹೌದು, ಘಾಟಿ. ನಿನ್ನ ಮನೆಯ ಸ್ಲ್ಯಾಬ್ ಯಾರು ಹಾಕಿದ್ದು ಅಂತ ನಿಮ್ಮಪ್ಪನ್ನ ಕೇಳು" ಎಂದು ಅವನ ಕೊಂಕಣಿಯಲ್ಲೇ ಹೇಳಿದೆ. ಸರ್ ಮೇಜು ತಟ್ಟಿದರು. ಅವರು ಕೆಟ್ಟವರಲ್ಲ, ಆದರೆ ಕಾಗದದ ಮನುಷ್ಯ. "ಗೀತಾಂಜಲಿ, ನಿಮ್ಮ ಕಾಲೋನಿಯ ಬಗ್ಗೆ ಬರೆದ ದಾಖಲೆ ಎಲ್ಲಿದೆ? ಅಜ್ಜಿ ಹೇಳಿದಳು, ಅಜ್ಜ ಹೇಳಿದ ಅಂದರೆ ನಡೆಯುವುದಿಲ್ಲ. ಸಿಗದಿದ್ದರೆ ಚರ್ಚಿನ ಗುಂಪಿಗೆ ಸೇರಿಕೋ" ಎಂದರು. ಮೈಯೆಲ್ಲ ಉರಿಯಿತು. "ಬರೆದದ್ದೇ ತರುತ್ತೇನೆ ಸರ್" ಎಂದು ಕೂತೆ. ಎಲ್ಲಿಂದ ತರುತ್ತೇನೆ ಎಂದು ಆಗ ನನಗೂ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಹೆಳವರ ಹೇಮಲಪ್ಪಜ್ಜ ಬಂದ. ನಮ್ಮ ಕಡೆ ಮನೆತನಗಳ ವಂಶಾವಳಿ ಬರೆದಿಟ್ಟು ಹಾಡಿ ಹೇಳುವವರು ಹೆಳವರು. ಮೊದಲು ಎತ್ತಿನ ಮೇಲೆ ಬರುತ್ತಿದ್ದರಂತೆ, ಈಗ ಬಸ್ಸಿನಲ್ಲಿ ಬರುತ್ತಾರೆ. ಬಾದಾಮಿ ಕಡೆಯ ನಮ್ಮ ಊರಿನ ಮಂದಿ ಮನೆಗೆ ಬೀಗ ಹಾಕಿಕೊಂಡು ಗೋವಾಕ್ಕೆ ಬಂದ ಮೇಲೆ ಪುಸ್ತಕವೂ ಅವರ ಹಿಂದೆ ಗೋವಾಕ್ಕೆ ಬಂತು. ಎರಡು ಮೂರು ವರ್ಷಕ್ಕೊಮ್ಮೆ ಅಜ್ಜ ಬಂದು, ಕಂಬಳಿಯ ಮೇಲೆ ಕೂತು, ನಮ್ಮ ಮನೆತನದ ಪುಟ ಓದಿ, ಹೊಸದಾಗಿ ಹುಟ್ಟಿದ ಗಂಡುಮಕ್ಕಳ ಹೆಸರು ಸೇರಿಸಿ, ಮೊರದ ತುಂಬ ಜೋಳ, ಒಂದು ಬಟ್ಟೆ ತಗೊಂಡು ಹೋಗುತ್ತಾನೆ. ಇಷ್ಟು ವರ್ಷ ಅದು ನನ್ನ ಕಣ್ಣೆದುರಿಗೇ ಇತ್ತು. ನನ್ನ ತಲೆಗೆ ಏನಾಗಿತ್ತೋ, ಅದು ದಾಖಲೆ ಎಂದು ಹೊಳೆದಿರಲಿಲ್ಲ.

ಅಪ್ಪ ಆ ದಿನ ಇಸ್ತ್ರಿ ಅಂಗಿ ಹಾಕಿ ಕೂತಿದ್ದ. ಅವ್ವ ದೀಪ ಹಚ್ಚಿ ಪುಸ್ತಕಕ್ಕೆ ಕುಂಕುಮ ಇಟ್ಟಳು. ಹೇಮಲಪ್ಪಜ್ಜ ಕಣ್ಣು ಮುಚ್ಚಿ ಏಳು ತಲೆಮಾರು ಇಳಿದು ಬಂದು, ನಮ್ಮ ಮುತ್ತಜ್ಜ ಶಂಕರಲಿಂಗನ ಹತ್ತಿರ ನಿಂತ. "ಶುಭಕೃತು ಸಂವತ್ಸರದಾಗ ಶಂಕರಲಿಂಗ, ಹೆಂಡತಿ ಸಾವಂತ್ರೆವ್ವ, ಮಗ ಸೋಮಪ್ಪನ್ನ ಕರಕೊಂಡು ಗೋವಾ ಸೀಮಿಗೆ ಹೋದ. ಅಲ್ಲೇ ಹಾರ್ಬರಿನಾಗ ಅದಿರಿನ ಬುಟ್ಟಿ ಹೊತ್ತ, ಅದೇ ವರ್ಷ ಜ್ವರ ಬಂದು ಅಲ್ಲೇ ಕಾಲವಾದ." ಅಪ್ಪನ ಎದೆ ಉಬ್ಬಿತು. ಅವನಿಗೆ ಇದು ಬಾಯಿಪಾಠ. ಸೈಟಿನಲ್ಲಿ ಹೊಸ ಕೂಲಿಗಳು ಬಂದರೆ, "ನಮ್ಮ ಮುತ್ಯಾ ಈ ಹಾರ್ಬರ್ ಸಲುವಾಗಿ ಜೀವಾ ಕೊಟ್ಟಾನ" ಎಂದೇ ಮಾತು ಶುರು ಮಾಡುತ್ತಾನೆ.

ನಾನು ಲೆಕ್ಕ ಹಾಕಿದೆ. ಶುಭಕೃತು ಎಂದರೆ ಸಾವಿರದ ಒಂಬೈನೂರ ಅರವತ್ತೆರಡು. ಗೋವಾ ಭಾರತಕ್ಕೆ ಸೇರಿದ ಮರುವರ್ಷ. ಹೇಮಲಪ್ಪಜ್ಜನ ಕಾಲಿಗೆ ಬಿದ್ದು, ಆ ಪುಟದ ಜೊತೆಗೆ ಹಿಂದಿನ, ಮುಂದಿನ ಪುಟಗಳನ್ನೂ ಮೊಬೈಲಿನಲ್ಲಿ ಹಿಡಿದುಕೊಂಡೆ. ಮರುದಿನ ಸರ್ ಮುಂದೆ ಇಟ್ಟಾಗ ಅವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಇಂಥದ್ದು ಇದೆ ಅಂತ ಕೇಳಿದ್ದೆ, ನೋಡಿರಲಿಲ್ಲ. ಪ್ರತಿಯೊಂದು ಅಕ್ಷರ ಇಂಗ್ಲಿಷಿಗೆ ಮಾಡು. ಸೆಮಿನಾರಿಗೆ ಪಣಜಿಯಿಂದ ಪರೀಕ್ಷಕರು ಬರುತ್ತಾರೆ, ಅವರಿಗೇ ತೋರಿಸೋಣ" ಎಂದರು. ನಾನು ಆ ದಿನ ಕಾಲೇಜಿನ ಮೆಟ್ಟಿಲನ್ನು ಎರಡೆರಡು ಹಾರಿ ಇಳಿದೆ.

ಸಂತೋಷ ಮೂರೇ ದಿನ. ಇಂಗ್ಲಿಷಿಗೆ ಮಾಡುತ್ತಾ ನಮ್ಮ ಪುಟ ಮುಗಿಸಿ ಮುಂದಿನ ಪುಟಕ್ಕೆ ಹೋದೆ. ಅದು ಊರಲ್ಲಿ ಉಳಿದ ಕವಲಿನವರದು. ಅಲ್ಲಿಯೂ ಶಂಕರಲಿಂಗ ಇದ್ದ. ಅದೇ ಅಪ್ಪನ ಹೆಸರು, ಅದೇ ಅಣ್ಣತಮ್ಮಂದಿರು. ಮನ್ಮಥ ಸಂವತ್ಸರದಲ್ಲಿ ಮೊದಲನೇ ಹೆಂಡತಿಗೆ ಮಗ ಸೋಮಪ್ಪ ಹುಟ್ಟಿದ ಎಂದಿತ್ತು, ಅದು ನಮ್ಮ ಅಜ್ಜ, ಸರಿ. ಅದರ ಕೆಳಗೆ, ಎರಡನೇ ಹೆಂಡತಿಯಲ್ಲಿ ಶೋಭಕೃತುವಿಗೆ ಒಂದು ಗಂಡು, ಪರಾಭವಕ್ಕೆ ಇನ್ನೊಂದು ಗಂಡು. ಬೆರಳು ಮಡಚಿ ಎಣಿಸಿದೆ. ಅರವತ್ಮೂರು, ಅರವತ್ತಾರು. ಅರವತ್ತೆರಡರಲ್ಲಿ ಗೋವಾದಲ್ಲಿ ಜ್ವರದಿಂದ ಸತ್ತ ಮನುಷ್ಯ ನಾಲ್ಕು ವರ್ಷದ ಮೇಲೆ ಬಾದಾಮಿಯ ಕಡೆ ಮಗನನ್ನು ಹೆತ್ತಿದ್ದ.

ಹೇಮಲಪ್ಪಜ್ಜ ಇನ್ನೂ ಗೋವಾದಲ್ಲೇ ಇದ್ದ. ಕೊರ್ತಾಲಿಮ್‌ನಲ್ಲಿ ತರಕಾರಿ ಮಾರುವ ನಮ್ಮ ಕಡೆಯವರ ಮನೆಯಲ್ಲಿ ಇಳಿದುಕೊಂಡಿದ್ದ. ಪ್ರ್ಯಾಕ್ಟಿಕಲ್ಸ್ ಬಿಟ್ಟು ಬಸ್ ಹತ್ತಿದೆ. ಜುವಾರಿ ಸೇತುವೆಯ ಕೆಳಗೆ, ಮಾರ್ಕೆಟ್ಟಿನ ಹಿಂದೆ, ಅವನು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಮೊಬೈಲ್ ಅವನ ಮೂಗಿನ ಮುಂದೆ ಹಿಡಿದೆ.

"ಅಜ್ಜಾರ, ಇಲ್ಲಿ ಸತ್ತಾಂವಗ ಅಲ್ಲಿ ಮಕ್ಕಳು ಹೆಂಗ ಆದೂವ್ರಿ?"

ಅವನು ನಿಧಾನ ಚಹಾ ಕುಡಿದು ಮುಗಿಸಿದ. "ಎರಡೂ ಪುಟ ಓದಿದೇನು?"

"ಓದೇನ್ರಿ."

"ಯಾರೂ ಓದಂಗಿಲ್ಲ ತಂಗಿ. ನಿಮ್ಮ ಮನ್ಯಾಗ ನಿಮ್ಮ ಪುಟ ಹೇಳ್ತೇವಿ, ಅವರ ಮನ್ಯಾಗ ಅವರ ಪುಟ. ಎರಡೂ ಕೂಡಿಸಿ ನೋಡಿದಾಕಿ ನೀನ ಮೊದಲನೇದಾಕಿ." ಲೋಟ ಕಟ್ಟೆಯ ಮೇಲಿಟ್ಟ. "ನಿಮ್ಮ ಪುಟ ಬರದಾಂವ ನಮ್ಮಪ್ಪ. ಬರಿಸಿದಾಕಿ ನಿಮ್ಮ ಸಾವಂತ್ರೆವ್ವ."

ಅವನು ಹೇಳಿದ್ದು ಇಷ್ಟು. ಶಂಕರಲಿಂಗ ಎರಡನೆಯವಳನ್ನು ಮನೆಗೆ ತಂದ. ಸಾವಂತ್ರೆವ್ವ ಮರುದಿನ ಮುಂಜಾನೆ ರೊಟ್ಟಿ ಬಡಿದು, ಅರ್ಧ ಮನೆಯಲ್ಲಿಟ್ಟು, ಅರ್ಧ ಕಟ್ಟಿಕೊಂಡು, ಮಗನನ್ನು ಕರೆದುಕೊಂಡು ಹೊರಟುಬಿಟ್ಟಳು. ಲೋಂಡಾದ ತನಕ ರೈಲು, ಅಲ್ಲಿಂದ ಅನಮೋಡ ಘಟ್ಟ ಇಳಿದು ಮೊಲೆಂ, ನಡೆದುಕೊಂಡು. ಅಲ್ಲಿಂದ ಯಾರದೋ ಲಾರಿಯಲ್ಲಿ ಹಾರ್ಬರ್. ಎರಡು ವರ್ಷ ಬಿಟ್ಟು ಹೇಮಲಪ್ಪಜ್ಜನ ಅಪ್ಪ ಗೋವಾಕ್ಕೆ ಬಂದಾಗ ಆಕೆ ಅದಿರಿನ ಬುಟ್ಟಿ ಹೊರುತ್ತಿದ್ದಳು. ಅವನನ್ನು ಗುರುತು ಹಿಡಿದು, ಕಾಲಿನ ಬೆಳ್ಳಿ ಕಡಗ ಬಿಚ್ಚಿ ಪುಸ್ತಕದ ಮೇಲಿಟ್ಟಳು.

"ಏನಂದ್ಲು ಅಂದ್ರ, ‘ಅಣ್ಣಾರ, ಗಂಡನೇ ನಮ್ಮನ್ನ ಕರಕೊಂಡು ಬಂದ, ಬಂದು ಸತ್ತ ಅಂತ ಬರಿರಿ. ಗಂಡ ಸತ್ತಾಕಿ ಅಂದ್ರ ಮಂದಿ ತಂಗಿ ಅಂತಾರ. ಗಂಡನ್ನ ಬಿಟ್ಟು ಬಂದಾಕಿ ಅಂದ್ರ ರಾತ್ರಿ ಬಾಗಿಲಾ ಬಡೀತಾರ.’ ನಮ್ಮಪ್ಪ ಬರದ. ಆದ್ರ ಊರವರ ಪುಟದಾಗ ಹುಟ್ಟಿದ ಮಕ್ಕಳನ್ನ ಬಿಡಾಕ ಬರಂಗಿಲ್ಲಲ್ಲ, ಅದನ್ನೂ ಬರದ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನನ್ನ ಮುತ್ತಜ್ಜಿ ಘಟ್ಟ ಇಳಿದು ನಡೆದು ಬಂದಿದ್ದಾಳೆ, ಬುಟ್ಟಿ ಹೊತ್ತಿದ್ದಾಳೆ, ಮಗನನ್ನು ಸಾಕಿದ್ದಾಳೆ. ಹೆಸರು ಮಾತ್ರ ಊರಲ್ಲಿ ಎರಡನೆಯವಳ ಕೈಯ ರೊಟ್ಟಿ ತಿನ್ನುತ್ತಾ ಕೂತವನಿಗೆ. ಅರವತ್ತು ವರ್ಷದಿಂದ ನಾವು ಅವನ ಹೆಸರಿಗೆ ದೀಪ ಹಚ್ಚುತ್ತಿದ್ದೇವೆ.

ಮನೆಗೆ ಬಂದವಳೇ ಹೇಳಿಬಿಟ್ಟೆ. ನನಗೆ ಯಾವುದನ್ನೂ ಬಾಯಲ್ಲಿಟ್ಟುಕೊಂಡು ಕೂಡಲು ಬರುವುದಿಲ್ಲ. ಅಪ್ಪ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದ. ನಮ್ಮಪ್ಪನ ಅವ್ವ, ಹುಲಿಗೆಮ್ಮ ಆಯಿ, ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಸೋಮಪ್ಪಜ್ಜನ ಹೆಂಡತಿ ಅವಳು, ಸಾವಂತ್ರೆವ್ವನ ಸೊಸೆ.

ಅಪ್ಪನ ಮುಖ ಕಪ್ಪಾಯಿತು. "ಆ ಹೆಳವನ ನಾಲಿಗಿ ಕೀಳ್ತೇನಿ."

"ಅಂವ ಏನ್ ಮಾಡ್ಯಾನಪ್ಪ? ಪುಸ್ತಕದಾಗ ಐತಿ. ನೋಡ ಬೇಕಾದ್ರ."

"ನೋಡೂದಿಲ್ಲ ನಾ. ಮಂದಿ ಏನಂತಾರ? ನಮ್ಮಪ್ಪ ಯಾರ ಮಗ ಅಂತ ಕೇಳಿದ್ರ ಏನ್ ಹೇಳ್ಲಿ?"

"ಶಂಕರಲಿಂಗನ ಮಗ. ಮನ್ಮಥದಾಗ ಊರಾಗ ಹುಟ್ಯಾನ, ಗೋವಾಕ್ಕ ಬರೂಮುಂದ ಏಳು ವರ್ಷದಾಂವ. ಅದೂ ಅದರಾಗ ಐತಿ."

"ಗಂಡನ್ನ ಬಿಟ್ಟು ಬಂದಾಕಿ ಮೊಮ್ಮಗ ಅಂತಾರ."

"ಅನ್ಲಿ. ಅಕಿ ಬಿಟ್ಟು ಬಂದಿದ್ದಕ್ಕ ನೀ ಇಲ್ಲಿ ಮೇಸ್ತ್ರಿ ಆಗೀದಿ."

ಅಪ್ಪ ಕೈ ಎತ್ತಿದ. ಆಗ ಆಯಿ ಅಕ್ಕಿಯಿಂದ ತಲೆ ಎತ್ತದೆ, "ಅಕಿನ್ನ ಯಾಕ ಹೊಡೀತಿ? ಹುಡುಗಿ ಹೇಳೂದು ಖರೇ ಐತಿ. ನನಗ ಗೊತ್ತಿತ್ತು" ಎಂದಳು. ಅಪ್ಪ ಹುಟ್ಟಿದಾಗ, ಬಾಣಂತನದಲ್ಲಿ, ಸಾವಂತ್ರೆವ್ವ ಸೊಸೆಗೆ ಎಣ್ಣೆ ತಿಕ್ಕುತ್ತಾ ಹೇಳಿದ್ದಳಂತೆ. ಏಳು ವರ್ಷದವನಾಗಿ ಕಂಡದ್ದನ್ನು ಸೋಮಪ್ಪಜ್ಜ ಸಾಯುವ ತನಕ ಬಾಯಿ ಬಿಟ್ಟಿರಲಿಲ್ಲ, ಆಯಿಯೂ ಮಗನಿಗೆ ಹೇಳಿರಲಿಲ್ಲ. ಅಪ್ಪ ಎತ್ತಿದ ಕೈ ಇಳಿಸಿ ತನ್ನ ಅವ್ವನನ್ನು ನೋಡುತ್ತಾ ನಿಂತ.

ಆಯಿ ನನ್ನ ಪಕ್ಷ ಎಂದು ನಾನು ಹಿಗ್ಗಿದೆ. ಅವಳು ನನ್ನ ಕಡೆ ತಿರುಗಿದಳು. "ನೀನೂ ಕೇಳು. ಅಕಿ ತನ್ನ ಕೈಲೇ ಗಂಟು ಹಾಕ್ಯಾಳ. ಬಿಚ್ಚಾಕ ನೀ ಯಾರು?"

"ಕಾಲೇಜಿನ್ಯಾಗ ಇದನ್ನ ಬಾಯಿ ಬಿಟ್ರ ನಿನ್ನ ಕಾಲೇಜು ಬಂದ್" ಎಂದು ಅಪ್ಪ ಹೊರಗೆ ಹೋದ.

ಮುಂದಿನ ಎರಡು ದಿನ ಆಯಿಯ ಮಾತು ಬಿಡದೆ ಬೆನ್ನು ಹತ್ತಿತ್ತು. ಲ್ಯಾಬಿನಲ್ಲಿ ಬ್ಯೂರೆಟ್ ಹಿಡಿದರೂ ಅದೇ ಯೋಚನೆ, ಬಸ್ಸಿನಲ್ಲೂ ಅದೇ. ನಿಜ, ಸುಳ್ಳನ್ನು ಬರೆಸಿದವಳು ಸಾವಂತ್ರೆವ್ವನೇ. ಬೆಳ್ಳಿ ಕಡಗ ಕೊಟ್ಟು ಬರೆಸಿದ್ದಾಳೆ. ಸುಮ್ಮನಿದ್ದರೆ ಎಲ್ಲರಿಗೂ ಸುಖ. ಸರ್‌ಗೆ ಕಾಗದ ಸಿಕ್ಕಿತು, ಅಪ್ಪನಿಗೆ ಮುತ್ಯಾ ಉಳಿದ, ನನಗೆ ಮಾರ್ಕ್ಸ್. ಬಾಯಿ ಮುಚ್ಚಿಕೊಂಡುಬಿಡೋಣ ಎಂದು ನಾನೂ ಒಮ್ಮೆ ಗಟ್ಟಿ ಮಾಡಿಕೊಂಡೆ. ಆಮೇಲೆ ಇನ್ನೊಂದು ಹೊಳೆಯಿತು. ಆಕೆ ಆ ಸುಳ್ಳು ಬರೆಸಿದ್ದು ತನ್ನನ್ನು, ತನ್ನ ಮಗನನ್ನು ಕಾಯಲು. ಆಕೆಯೂ ಇಲ್ಲ, ಆ ಮಗನೂ ಇಲ್ಲ. ಈಗ ಆ ಸುಳ್ಳು ಕಾಯುತ್ತಿರುವುದು ಯಾರನ್ನು? ಎರಡನೆಯವಳನ್ನು ತಂದ ಆ ಶಂಕರಲಿಂಗನನ್ನು. ಅವನನ್ನು ಕಾಯುವ ಕೆಲಸ ನನ್ನದಲ್ಲ. ಮನೆಗೆ ಹೋಗಿ ಆಯಿಗೆ ಇದನ್ನೇ ಹೇಳಿದೆ. ಅವಳು ಊಟಕ್ಕೆ ಬಡಿಸಿದಳು.

ಸೆಮಿನಾರಿನ ದಿನ ಪಣಜಿಯ ಪರೀಕ್ಷಕಿ ಮೊದಲ ಬೆಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಲೋಟ್ಲಿಕರ್ ಸರ್, ಮದುವೆ ಮನೆಯ ಯಜಮಾನನ ಹಾಗೆ ನಗುತ್ತಾ. ನಾನು ಹೆಳವರ ಪುಟ ಗೋಡೆಯ ಮೇಲೆ ತೋರಿಸಿದೆ. ಓದಿ ಹೇಳಿದೆ. ಪರೀಕ್ಷಕಿ ಮುಂದಕ್ಕೆ ಬಾಗಿದರು. ಎರಡನೇ ಪುಟ ತೋರಿಸಿದೆ. ಆಮೇಲೆ ಹೇಳಿದೆ, "ಮೊದಲ ಪುಟ ಸುಳ್ಳು. ಇದನ್ನು ಬರೆಸಿದವಳು ನನ್ನ ಮುತ್ತಜ್ಜಿ. ನಮ್ಮ ಮನೆಯಿಂದ ಈ ನಾಡಿಗೆ ಬಂದ ಮೊದಲನೆಯವಳು ಆಕೆ. ಅವಳ ಗಂಡ ಇಲ್ಲಿಗೆ ಬರಲೇ ಇಲ್ಲ." ಕೊರ್ತಾಲಿಮ್‌ನಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ.

ಸರ್ ಮುಖದಲ್ಲಿ ನಗು ಆರಿಹೋಗಿತ್ತು. "ಗೀತಾಂಜಲಿ, ಇದ್ದ ಒಂದೇ ದಾಖಲೆಯನ್ನು ನೀನೇ ಹರಿದು ಹಾಕುತ್ತಿದ್ದೀಯಾ. ಎರಡನೇ ಭಾಗ ಬಿಡು. ಮೊದಲ ಪುಟ, ಅದರ ಅನುವಾದ, ಹೆಳವರ ಪರಿಚಯ, ಇಷ್ಟೇ ಕೊಡು. ಒಳ್ಳೆಯ ಗ್ರೇಡ್ ಬರುತ್ತದೆ." ಪರೀಕ್ಷಕಿಯೂ ತಲೆಯಾಡಿಸಿದರು. "ನಡೆದು ಬಂದದ್ದಕ್ಕೆ ಒಬ್ಬ ಮುದುಕನ ಮಾತು ಬಿಟ್ಟರೆ ಬೇರೆ ಆಧಾರವಿಲ್ಲವಲ್ಲ ಮಗು."

"ಮೇಡಂ, ನನ್ನ ಮೇಜರ್ ಕೆಮಿಸ್ಟ್ರಿ" ಎಂದೆ. "ಅಲ್ಲಿ ಟೈಟ್ರೇಶನ್ ಮಾಡುವಾಗ ಸುಳ್ಳು ರೀಡಿಂಗ್ ಬರೆದರೆ ಸೊನ್ನೆ ಕೊಡುತ್ತಾರೆ. ಫಸ್ಟ್ ಇಯರಿನಲ್ಲಿ ನನಗೇ ಕೊಟ್ಟಿದ್ದಾರೆ. ಇಲ್ಲಿ ಸುಳ್ಳು ಅಂತ ಗೊತ್ತಿರುವ ಕಾಗದ ಕೊಟ್ಟರೆ ಒಳ್ಳೆಯ ಗ್ರೇಡಾ? ಮುದುಕನ ಮಾತನ್ನು ಮುದುಕನ ಮಾತು ಅಂತಲೇ ಬರೀತೇನೆ. ಎರಡು ಪುಟ ಹೊಂದುವುದಿಲ್ಲ ಅನ್ನುವುದಕ್ಕೆ ಎರಡು ಪುಟಗಳೇ ಆಧಾರ. ಬಿಡುವುದಿಲ್ಲ."

ಪರೀಕ್ಷಕಿ ನನ್ನನ್ನೇ ನೋಡಿ ಏನೋ ಗೀಚಿಕೊಂಡರು. ಸರ್, "ಸೋಮವಾರ ಫೈನಲ್ ಕಾಪಿ ಕೊಡಬೇಕು. ಯೋಚನೆ ಮಾಡು. ಹೀಗೇ ಕೊಟ್ಟರೆ ಪಾಸಾಗುವಷ್ಟು ಬಂದರೆ ದೊಡ್ಡದು" ಎಂದರು. "ಪಾಸಾದರೆ ಸಾಕು ಸರ್" ಎಂದು ಕೆಳಗಿಳಿದೆ. ಹೊರಗೆ ಬಂದು ಒಬ್ಬಳೇ ಅತ್ತೆ. ಒಳ್ಳೆಯ ಗ್ರೇಡ್ ಯಾರಿಗೆ ಬೇಡ?

ಸಂಜೆ ಅಪ್ಪನಿಗೆ ನಾನೇ ಹೇಳಿದೆ. ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದು. "ಹೇಳಿದೆ. ಎಲ್ಲಾರ ಮುಂದ ಹೇಳಿದೆ. ಸೋಮವಾರ ಬರದೂ ಕೊಡಾಕಿ. ಕಾಲೇಜು ಬಂದ್ ಮಾಡ್ತಿದ್ರ ಮಾಡು, ನಾ ಮನ್ಯಾಗ ಕುಂತು ಬರೀತೇನಿ." ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಬೈದಿದ್ದರೆ ತಡೆಯುತ್ತಿದ್ದೆ. ನಾಲ್ಕು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ, ತನ್ನ ಅವ್ವನ ಜೊತೆಯೂ ಮಾತಾಡಲಿಲ್ಲ. ತಾಟು ಮುಂದೆ ಬಂದರೆ ಉಣ್ಣುತ್ತಿದ್ದ, ಎದ್ದು ಹೋಗುತ್ತಿದ್ದ.

ಸೋಮವಾರ ಮುಂಜಾನೆ ಎಂಟಕ್ಕೆ ಬಸ್ ಸ್ಟಾಪಿನ ಎದುರಿನ ಜಾವೇದಣ್ಣನ ಜೆರಾಕ್ಸ್ ಅಂಗಡಿಗೆ ಹೋದೆ. ಹುಬ್ಬಳ್ಳಿಯವನು, ನಮ್ಮ ಓಣಿಯ ಅರ್ಜಿ, ಆಧಾರ್ ಎಲ್ಲ ಅವನ ಕೈಯಲ್ಲೇ. ನಲವತ್ತೆರಡು ಪುಟ ಪ್ರಿಂಟ್ ತೆಗೆದು, ಅಂಚಿಗೆ ತೂತು ಹೊಡೆದು, ಪ್ಲಾಸ್ಟಿಕ್ ಸ್ಪೈರಲ್ ಹಾಕಿ ಕೊಟ್ಟ. ನಾನು ಹಾಳೆ ತಿರುವಿ ನೋಡುತ್ತಿದ್ದೆ. ಆಗ ಅಂಗಡಿಯ ಬಾಗಿಲಿಗೆ ಅಪ್ಪ ಬಂದು ನಿಂತ. ಹೆಗಲಿಗೆ ಊಟದ ಚೀಲ, ತಲೆಗೆ ಟವೆಲ್. ಅವನ ಗ್ಯಾಂಗಿನ ಗಾಡಿ ರಸ್ತೆಯಾಚೆ ನಿಂತಿತ್ತು.

ಕಸಿದುಕೊಂಡು ಹರಿಯುತ್ತಾನೆ ಎಂದೇ ತಿಳಿದೆ. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. "ಹರದ್ರೂ ಜಾವೇದಣ್ಣನ ಕಂಪ್ಯೂಟರ್‌ದಾಗ ಐತಿ" ಎಂದೆ.

ಅಪ್ಪ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ನನ್ನ ಕೈಯ ಪ್ರಾಜೆಕ್ಟಿನ ಕಡೆಗೇ ನೋಡುತ್ತಾ ಕೇಳಿದ.

"ಆವಾಗ ನಮ್ಮಪ್ಪಗ ಏಳು ವರ್ಷ ಅಂದ್ಯಲ್ಲ?"

"ಹೂಂ."

"ಮೊಲೆಂದಾಗ ನಾ ಕೆಲಸಾ ಮಾಡೇನಿ. ಆ ಘಟ್ಟ ಬೈಕ್ ಮ್ಯಾಲೆ ಇಳದೇನಿ. ನಡಿಯೂ ದಾರಿ ಅಲ್ಲ ಅದು. ಅಂವ ನಡದ್ನೋ, ಅಕಿ ಹೊತಗೊಂಡು ಬಂದ್ಲೋ?"

ಇಷ್ಟು ದಿನ ಇಷ್ಟು ಪ್ರಶ್ನೆ ಕೇಳಿದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ನಡೆದಿದ್ದರೆ ಅದು ನಮ್ಮಜ್ಜನ ಕಾಲು, ಅಪ್ಪನ ಅಪ್ಪನ ಕಾಲು.

"ಗೊತ್ತಿಲ್ಲಪ್ಪ."

"ಹೆಳವ ಹೇಳಲಿಲ್ಲೇನು?"

"ಇಲ್ಲ. ಕೇಳಿದ್ರೂ ಅಂವಗ ಗೊತ್ತಿರಂಗಿಲ್ಲ. ಆಯಿಗೂ ಗೊತ್ತಿರಂಗಿಲ್ಲ."

"ಇವತ್ತ ಮುಂಜಾನೆ ಆಯಿನ್ನ ಕೇಳೇನಿ. ಗೊತ್ತಿಲ್ಲಂದ್ಲು." ಅಪ್ಪ ಟವೆಲ್ ತೆಗೆದು ಮುಖ ಒರೆಸಿಕೊಂಡ. ಕಣ್ಣು ಕೆಂಪಗಿದ್ದವು. "ಹೊತಗೊಂಡು ಬಂದ್ಲು ಅಂತ ಬರಿ."

ಬರೆದುಬಿಡಬಹುದಿತ್ತು. ನಾಲ್ಕು ದಿನದ ಮೇಲೆ ಅಪ್ಪ ಮಾತಾಡಿದ್ದ, ಬೇಡಿಕೊಂಡದ್ದೂ ಅದೊಂದೇ. ಆದರೂ ತಲೆ ಅಲ್ಲಾಡಿಸಿದೆ.

"ಗೊತ್ತಿಲ್ಲದ್ದು ಬರಿಯಂಗಿಲ್ಲ ನಾ. ನೀ ಹೇಳಿದ್ರೂ ಬರಿಯಂಗಿಲ್ಲ. ಆ ಸರ್‌ಗೂ ಇದನ್ನ ಹೇಳಿ ಬಂದೇನಿ."

ಜಾವೇದಣ್ಣ ಮಷಿನ್ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡುತ್ತಿದ್ದ. ರಸ್ತೆಯಾಚೆ ಗಾಡಿಯವನು ಹಾರ್ನ್ ಹೊಡೆದ. ಅಪ್ಪ ಅತ್ತ ಕೈ ಮಾಡಿ ತಡಿ ಎಂದ. ಬೈಯುತ್ತಾನೆ ಎಂದು ಕಾಯ್ದೆ. ಬೈಯಲಿಲ್ಲ.

"ಹಂಗಾರ ಗೊತ್ತಿಲ್ಲ ಅಂತನ ಬರಿ" ಎಂದ. "ಆದ್ರ ನಾ ಕೇಳೇನಿ ಅಂತ ಬರಿ. ಅಕಿ ಮೊಮ್ಮಗ ಕೇಳ್ಯಾನ ಅಂತ."

ಜಾವೇದಣ್ಣ ಗೊಣಗುತ್ತಾ ಸ್ಪೈರಲ್ ಬಿಚ್ಚಿದ. ನಾನು ಕಂಪ್ಯೂಟರ್ ಮುಂದೆ ಕೂತು ಹತ್ತೊಂಬತ್ತನೇ ಪುಟದಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಸೇರಿಸಿದೆ. ಅಪ್ಪ ಬೆನ್ನ ಹಿಂದೆ ನಿಂತಿದ್ದ. "ಏನ್ ಬರದಿ? ಕನ್ನಡದಾಗ ಹೇಳು" ಎಂದ. ಓದಿ ಹೇಳಿದೆ. "ಸಾವಂತ್ರೆವ್ವ ಲೋಂಡಾದಿಂದ ಮೊಲೆಂವರೆಗೆ ನಡೆದು ಬಂದಾಗ ಏಳು ವರ್ಷದ ಮಗ ಸೋಮಪ್ಪ ಜೊತೆಯಲ್ಲಿದ್ದ, ಅವನು ನಡೆದನೋ, ಆಕೆ ಹೊತ್ತಳೋ ತಿಳಿದುಬಂದಿಲ್ಲ. ಇದನ್ನು ಕೇಳಿದವನು ಆಕೆಯ ಮೊಮ್ಮಗ, ಸೆಂಟ್ರಿಂಗ್ ಮೇಸ್ತ್ರಿ ಚಂದಪ್ಪ."

"ಇನ್ನೊಮ್ಮೆ ಓದು" ಎಂದ ಅಪ್ಪ. ಓದಿದೆ. ಗಾಡಿಯವನು ಮತ್ತೆ ಹಾರ್ನ್ ಹೊಡೆದ, ಅಪ್ಪ ಈ ಸಲ ಅತ್ತ ತಿರುಗಿಯೂ ನೋಡಲಿಲ್ಲ. ಪ್ರಿಂಟ್ ಹೊರಗೆ ಬರುವ ತನಕ ಅಲ್ಲೇ ನಿಂತಿದ್ದ.